ಸಹಾಯ ಬೇಕು: ದೇವರು ಕಟ್ಟುತ್ತೇನೆ ಅಂದ ಮಾತಿಗೂ ಷರತ್ತು ಇದೆಯಾ?

ಎಲ್ಲರಿಗೂ ನಮಸ್ಕಾರ. ಯೆಹೂದಿ ಪ್ರವಾದಿಗಳನ್ನು ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಯೆಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುಡ್‌ನ ಮಕ್ಕೋತ್ ಭಾಗದಲ್ಲಿ ಒಂದು ಕಥೆ ಬರುತ್ತದೆ. ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದ ಜೆರುಸಲೇಮಿನ ದೇವಾಲಯದಲ್ಲಿ, ಗರ್ಭಗುಡಿ ಇದ್ದ ಜಾಗದಿಂದ ನರಿಯೊಂದು ಹೊರಗೆ ಬರುತ್ತದೆ, ಅದನ್ನು ನೋಡಿ ಜೊತೆಯವರೆಲ್ಲ ಅಳುತ್ತಾರೆ, ಆ ಕಾಲದ ಯೆಹೂದಿ ಧರ್ಮಗುರು ರಬ್ಬಿ ಅಕಿವಾ ಮಾತ್ರ ನಗುತ್ತಾರೆ. ಊರು ಹಾಳಾಗುತ್ತದೆ ಅಂತ ಹಿಂದೆ ಒಬ್ಬ ಪ್ರವಾದಿ ಅಂದದ್ದು ನಿಜವಾಯಿತು, ಹಾಗಾದರೆ ಆ ಊರಿನ ಬೀದಿಗಳಲ್ಲಿ ಮತ್ತೆ ಮುದುಕ ಮುದುಕಿಯರು ಕೂರುತ್ತಾರೆ ಅಂತ ಪ್ರವಾದಿ ಜೆಕರ್ಯ ಹೇಳಿದ್ದೂ ನಿಜವಾಗಲೇಬೇಕು ಅನ್ನುವುದು ಅವರ ಲೆಕ್ಕ. ನನಗಂತೂ ತುಂಬಾ ಇಷ್ಟವಾದ ಕಥೆ.

ಆದರೆ ಪ್ರವಾದಿ ಯೆರೆಮೀಯನ ಪುಸ್ತಕದ 18ನೇ ಅಧ್ಯಾಯದಲ್ಲಿ, ಕುಂಬಾರನ ಮನೆಯ ಪ್ರಸಂಗದಲ್ಲಿ, ಜನ ತಿದ್ದಿಕೊಂಡರೆ ಕೆಡವುವುದನ್ನು ಬಿಡುತ್ತೇನೆ, ಕೆಟ್ಟರೆ ಕಟ್ಟುವುದನ್ನೂ ಬಿಡುತ್ತೇನೆ ಅಂತ ದೇವರೇ ಹೇಳುತ್ತಾನೆ. ಪ್ರವಾದಿ ಯೋನನ ಕಥೆಯಲ್ಲಿ, ಜನ ತಿದ್ದಿಕೊಂಡಾಗ ನಿನೆವೆ ಪಟ್ಟಣ ಉಳಿದದ್ದೂ ಹೀಗೇ ಅಲ್ವಾ? ಕನ್ನಡ ಬೈಬಲ್, ಇಂಗ್ಲಿಷ್ ಅನುವಾದ ಎರಡನ್ನೂ ಪಕ್ಕದಲ್ಲಿಟ್ಟು ಓದಿದೆ, ಅರ್ಥ ಒಂದೇ. ಮಧ್ಯಯುಗದ ಯೆಹೂದಿ ಪಂಡಿತ ಮೈಮೋನಿಡೀಸ್ ನೋಡಿದರೆ, ಪ್ರವಾದಿ ಹೇಳಿದ ಒಳ್ಳೆಯ ಮಾತು ಹಿಂದೆ ಹೋಗುವುದಿಲ್ಲ ಅನ್ನುತ್ತಾರೆ. ಗೊಂದಲ ಇನ್ನೂ ಜಾಸ್ತಿಯಾಯಿತು.

ಯೆರೆಮೀಯನ ಈ ಮಾತನ್ನೂ ಅಕಿವಾರ ನಗುವನ್ನೂ ಯೆಹೂದಿ ವ್ಯಾಖ್ಯಾನಕಾರರು ಹೇಗೆ ಹೊಂದಿಸುತ್ತಾರೆ? ಯಾರ ವ್ಯಾಖ್ಯಾನದಿಂದ ಓದಲು ಶುರುಮಾಡಲಿ, ಗೊತ್ತಿದ್ದವರು ಹೇಳಿ.