ಟೈಪ್ 1 ಡಯಾಬಿಟಿಸ್ ಇರೋ ಮಗು ಸೋಮವಾರದಿಂದ ಶಾಲೆಗೆ: ಕ್ಲಾಸ್ ಟೀಚರ್‌ಗೆ ಏನೇನು ಗೊತ್ತಿರಬೇಕು?

ಮೂರನೇ ಕ್ಲಾಸ್ ಮಿಸ್:
ಸರ್ಕಾರಿ ಶಾಲೆ, ಮೂರನೇ ತರಗತಿ ಹುಡುಗಿ, ತೂಕ 24 ಕೆಜಿ. ಟೈಪ್ 1 ಡಯಾಬಿಟಿಸ್ ಅಂತ ಈಗಷ್ಟೇ ಗೊತ್ತಾಗಿದೆ. ಮಧ್ಯಾಹ್ನ ತಾಯಿ ಬಂದು ಇನ್ಸುಲಿನ್ ಹಾಕ್ತಾರೆ. ರಕ್ತದ ಶುಗರ್ ಇಳಿದು ಲೋ ಆದ್ರೆ ಏನು ಕೊಡಬೇಕು, ಎಷ್ಟು ಕೊಡಬೇಕು? ಬಿಸಿಯೂಟ, ಹಾಲು ಕೊಡಬಹುದಾ? "ಅಂಟುತ್ತಾ ಮಿಸ್?" ಅಂತ ಮಕ್ಕಳು ಈಗಲೇ ಕೇಳ್ತಿದ್ದಾರೆ.

ಸ್ಟ್ರಿಪ್‌ಡಬ್ಬಿ:
ಮೊದಲು ಲೋ ವಿಷಯ. ಶುಗರ್ ಮೀಟರಲ್ಲಿ 70 mg/dLಗಿಂತ ಕೆಳಗೆ ಬಂದ್ರೆ ಲೋ. ಬೆವರು, ಕೈನಡುಕ ಎಲ್ಲರಿಗೂ ಗೊತ್ತು. ಕ್ಲಾಸಲ್ಲಿ ಕಾಣೋದು ಬೇರೆ: ಬರೀತಿದ್ದ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರುತ್ತೆ, ಕರೆದ್ರೆ ಓಗೊಡಲ್ಲ, ಸುಮ್‌ಸುಮ್ನೆ ಅಳು, ಸಿಡುಕು. ಹಠ ಅಂದ್ಕೊಂಡು ಹೊರಗೆ ನಿಲ್ಲಿಸಿದ್ರೆ ಕೆಟ್ಟಿತು.

ಲೋ ಆದಾಗ ಕೊಡೋ ಸಕ್ಕರೆ ಮಗುವಿನ ತೂಕದ ಕೆಜಿಗೆ 0.3 ಗ್ರಾಂ ಲೆಕ್ಕ. 24 ಕೆಜಿಗೆ 7 ಗ್ರಾಂ ಚಿಲ್ಲರೆ, ಅಂದ್ರೆ ಎರಡು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಲೋಟ ನೀರಿಗೆ. 15 ನಿಮಿಷ ಬಿಟ್ಟು ಮತ್ತೆ ಟೆಸ್ಟ್, 70 ದಾಟಿಲ್ಲ ಅಂದ್ರೆ ಮತ್ತೆ ಅಷ್ಟೇ. ಗಾಬರಿಯಲ್ಲಿ ಐದಾರು ಚಮಚ ಸುರಿದ್ರೆ ಆಮೇಲೆ ಶುಗರ್ ತೀರಾ ಮೇಲೇರಿಬಿಡಬಹುದು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ.

ಟೆಸ್ಟ್‌ಗೆ ಮುಂಚೆ ಕೈ ತೊಳೆಸಿ ಒರೆಸಿ. ಬೆರಳಿಗೆ ಮಾವಿನ ರಸ ಅಂಟಿದ್ರೆ 60 ಇದ್ದದ್ದು 160 ತೋರಿಸಬಹುದು, ನೀವು ಸರಿ ಇದೆ ಅಂತ ಬಿಟ್ಟುಬಿಡ್ತೀರಿ. ಮೀಟರ್ ಕೈಗೆ ಸಿಗದಿದ್ರೆ ಕಾಯಬೇಡಿ, ಸಕ್ಕರೆ ಕೊಡಿ. ಲೋ ಆದ ಮಗುವನ್ನ ಒಂಟಿಯಾಗಿ ಆಫೀಸ್ ರೂಮಿಗೆ ಕಳಿಸ್ಲೇಬೇಡಿ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತೆ. ಪಕ್ಕಕ್ಕೆ ಮಲಗಿಸಿ, 108.

ರಾಗಿಕಣಜ:
ಬಿಸಿಯೂಟ ಧಾರಾಳವಾಗಿ ಕೊಡಿ. ಎಡವಟ್ಟು ಆಗೋದು ಊಟದಲ್ಲಿ ಅಲ್ಲ, ಹೊತ್ತಲ್ಲಿ. ಬೇಗ ಕೆಲಸ ಮಾಡೋ ಇನ್ಸುಲಿನ್ ಆದ್ರೆ ಊಟಕ್ಕೆ 10–15 ನಿಮಿಷ ಮುಂಚೆ, ಹಳೇ ರೆಗ್ಯುಲರ್ ಆದ್ರೆ ಅರ್ಧ ಗಂಟೆ. ಯಾವುದು ಅಂತ ತಾಯಿಯನ್ನ ಕೇಳಿಟ್ಟುಕೊಳ್ಳಿ. ಸೂಜಿ ಹಾಕಿದ ಮೇಲೆ ಸಾಲು, ಪ್ರಾರ್ಥನೆ ಅಂತ ಕಾಯಿಸಿದ್ರೆ ತಟ್ಟೆ ಮುಂದೆ ಕೂತೇ ಲೋ ಆಗ್ತಾಳೆ. ಮೊದಲ ತಟ್ಟೆ ಅವಳದ್ದು.

ಬೆಂದ ಅನ್ನ 100 ಗ್ರಾಂಗೆ ಸುಮಾರು 28 ಗ್ರಾಂ ಕಾರ್ಬ್ (ಶುಗರ್ ಏರಿಸೋ ಪಿಷ್ಟ, ಸಕ್ಕರೆ ಅಂಶ; ಡೋಸ್ ಲೆಕ್ಕ ಇದರ ಮೇಲೆ). ದಿನಾ ಒಂದೇ ಸೌಟು, ಒಂದೇ ಅಳತೆ. ಆ ಸೌಟಿನ ಅನ್ನವನ್ನ ತಾಯಿ ಒಮ್ಮೆ ತೂಗಿಕೊಂಡ್ರೆ ಸಾಕು. ಹಾಲು 150 ಮಿಲೀಗೆ 7 ಗ್ರಾಂ, ಸಕ್ಕರೆ ಹಾಕೋ ಮುಂಚೆ ಅವಳ ಲೋಟ ತೆಗೆದಿಡಿ. ರಾಗಿ ಮಾಲ್ಟ್ ಕೊಡೋ ದಿನ ಆ ಲೆಕ್ಕವೇ ಬೇರೆ, ತಾಯಿಗೆ ಹಿಂದಿನ ದಿನವೇ ತಿಳಿಸಿ. "ರಾಗಿ ಆದ್ರೆ ಶುಗರ್ ಏರಲ್ಲ" ಅನ್ನೋರ ಮಾತು ಕೇಳಬೇಡಿ, 50 ಗ್ರಾಂ ಹಿಟ್ಟಿನ ಮುದ್ದೆಯಲ್ಲೂ 35 ಗ್ರಾಂ ಹತ್ತಿರ ಕಾರ್ಬ್ ಇದೆ.

ಕೆಂಪುಮುಚ್ಚಳ:
ಇನ್ಸುಲಿನ್ ಹಾಕೋದು ಪೆನ್ನಾ, ಸಿರಿಂಜಾ? ಸಿರಿಂಜ್ ಆದ್ರೆ ಬಾಟಲಿ ಮೇಲಿನ ನಂಬರ್ ನೋಡಿ, ಒಂದು ಮಿಲೀಯಲ್ಲಿ ಎಷ್ಟು ಯೂನಿಟ್ ಅನ್ನೋದು ಅದು. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100ರ ಬಾಟಲಿಗೆ ಕಿತ್ತಳೆ. 100ರ ಇನ್ಸುಲಿನನ್ನ ಕೆಂಪು ಸಿರಿಂಜಲ್ಲಿ 4ರ ಗೆರೆವರೆಗೆ ಎಳೆದ್ರೆ ಒಳಗೆ ಹೋಗೋದು 10 ಯೂನಿಟ್. ಅಜ್ಜಿಯೋ ಚಿಕ್ಕಪ್ಪನೋ ಬಂದು ಹಾಕೋ ದಿನವೇ ಇಂಥದ್ದು ಆಗೋದು.

ಮೂರನೇ ಕ್ಲಾಸ್ ಮಿಸ್:
ಸಿರಿಂಜೇ. ನಾಳೆ ನೋಡ್ತೀನಿ. ಆಟದ ಪೀರಿಯಡ್‌ಗೆ ಕಳಿಸಲಾ?

ಸ್ಟ್ರಿಪ್‌ಡಬ್ಬಿ:
ಕಳಿಸಿ, ಆದ್ರೆ ಮುಂಚೆ ಟೆಸ್ಟ್. 100ಕ್ಕಿಂತ ಕಡಿಮೆ ಇದ್ರೆ ಒಂದು ಏಲಕ್ಕಿ ಬಾಳೆಹಣ್ಣು ತಿನ್ನಿಸಿ. 250 ದಾಟಿ ಹೊಟ್ಟೆನೋವು, ವಾಂತಿ ಇದ್ರೆ ಆಟ ಬೇಡ, ತಕ್ಷಣ ತಾಯಿಗೆ ಫೋನ್, ಕೀಟೋನ್ (ಇನ್ಸುಲಿನ್ ಸಾಲದಾಗ ದೇಹದಲ್ಲಿ ಸೇರೋ ಆಮ್ಲ) ನೋಡಬೇಕು. ಓಡಿದ ದಿನ ರಾತ್ರಿ ನಿದ್ದೆಯಲ್ಲೂ ಲೋ ಆಗಬಹುದು, ಅದಕ್ಕೆ "ಇವತ್ತು ಖೋಖೋ ಆಡಿದ್ಳು" ಅಂತ ಡೈರಿಯಲ್ಲಿ ಒಂದು ಸಾಲು ಬರೀರಿ. ನೀರಿಗೆ, ಟಾಯ್ಲೆಟ್‌ಗೆ ಕೈ ಎತ್ತಿ ಕೇಳೋ ನಿಯಮ ಅವಳಿಗೆ ಬೇಡ.

ರಾಗಿಕಣಜ:
ಮಕ್ಕಳಿಗೆ ಹೇಳೋ ಮುಂಚೆ ಅವಳನ್ನೇ ಕೇಳಿ, ಹೇಳಬಹುದಾ ಅಂತ. ಒಪ್ಪಿದ್ರೆ ಎರಡೇ ಮಾತು ಸಾಕು: ಅಂಟಲ್ಲ, ಸಿಹಿ ತಿಂದಿದ್ದಕ್ಕೆ ಬಂದದ್ದೂ ಅಲ್ಲ. ಬರ್ತ್‌ಡೇ ಟಾಫಿ ಬಂದಾಗ "ಇವಳಿಗೆ ಬೇಡ" ಅಂತ ಎಲ್ಲರೆದುರು ಅನ್ನಬೇಡಿ. ತಗೊಂಡು ಜೇಬಲ್ಲಿ ಇಟ್ಕೊಳ್ಳಲಿ, ಮಧ್ಯಾಹ್ನದ ಡೋಸ್‌ಗೆ ತಾಯಿ ಅದನ್ನೂ ಸೇರಿಸ್ತಾರೆ.