ಪ್ರಶ್ನೋತ್ತರ: ನುಣುಪು ಇಆರ್ ಯಾವ ಜೀವಕೋಶದಲ್ಲಿ ಜಾಸ್ತಿ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ): ಡಾಕ್ಟ್ರೇ, ನುಣುಪು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಇಆರ್, ಅಂದ್ರೆ ಕೋಶದೊಳಗಿನ ಪೊರೆಗಳ ಜಾಲ) ಎಲ್ಲಿ ಜಾಸ್ತಿ ಅಂದ್ರೆ ನಮ್ಮ ನೋಟ್ಸ್‌ನಲ್ಲಿ ಲಿವರ್, ಅಡ್ರಿನಲ್, ವೃಷಣ, ಸ್ನಾಯು ಅಂತಿದೆ. ಒಂದಕ್ಕೊಂದು ಸಂಬಂಧವೇ ಕಾಣಿಸುತ್ತಿಲ್ಲ. ಸುಮ್ನೆ ಬಾಯಿಪಾಠ ಮಾಡಬೇಕಾ?

ಉತ್ತರ (ಪೆಥಾಲಜಿಸ್ಟ್): ಬೇಡ. ಆ ಕೋಶದ ಕೆಲಸ ಏನು ಅಂತ ಮೊದಲು ಕೇಳಿಕೊಳ್ಳಿ. ಪ್ರೋಟೀನ್ ಮಾಡಿ ಹೊರಗೆ ಕಳಿಸುವುದಾದರೆ ರೈಬೋಸೋಮ್ (ಪ್ರೋಟೀನ್ ಕಟ್ಟುವ ಕಣ) ಅಂಟಿರುವ ಒರಟು ಇಆರ್ ಬೇಕು. ಆಂಟಿಬಾಡಿ ಮಾಡುವ ಪ್ಲಾಸ್ಮಾ ಕೋಶದ ತುಂಬ ಅದೇ ಇರುತ್ತದೆ. ಕೊಬ್ಬು, ಸ್ಟೀರಾಯ್ಡ್, ಔಷಧ, ಕ್ಯಾಲ್ಸಿಯಂ ಇವುಗಳ ಕೆಲಸವಾದರೆ ನುಣುಪು ಇಆರ್.

ಅಡ್ರಿನಲ್‌ನ ಹೊರಪದರ ಕಾರ್ಟಿಸಾಲ್ ಮಾಡುತ್ತದೆ, ವೃಷಣದ ಲೇಡಿಗ್ ಕೋಶ ಟೆಸ್ಟೋಸ್ಟೆರಾನ್ ಮಾಡುತ್ತದೆ. ಎರಡೂ ಕೊಲೆಸ್ಟರಾಲ್‌ನಿಂದ ಬರುವ ಸ್ಟೀರಾಯ್ಡ್‌ಗಳೇ. ಅದೇ ಅಡ್ರಿನಲ್‌ನ ಒಳಭಾಗ ಅಡ್ರಿನಲಿನ್ ಮಾಡುತ್ತದೆ, ಅದು ಸ್ಟೀರಾಯ್ಡ್ ಅಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಬರೀ ‘ಅಡ್ರಿನಲ್’ ಅಂತ ಬರೆಯಬೇಡಿ, ‘ಅಡ್ರಿನಲ್ ಕಾರ್ಟೆಕ್ಸ್’ ಅಂತ ಬರೆಯಿರಿ. ಸ್ನಾಯುವಿನಲ್ಲಿ ನುಣುಪು ಇಆರ್‌ನ ಹೆಸರು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್. ಕ್ಯಾಲ್ಸಿಯಂ ಬಿಟ್ಟರೆ ಸ್ನಾಯು ಬಿಗಿಯುತ್ತದೆ, ವಾಪಸ್ ಎಳೆದುಕೊಂಡರೆ ಸಡಿಲವಾಗುತ್ತದೆ. ಸಣ್ಣ ಕರುಳಿನ ಕೋಶವನ್ನೂ ಸೇರಿಸಿಕೊಳ್ಳಿ. ನೀವು ತಿಂದ ತುಪ್ಪ ಕರುಳಲ್ಲಿ ಒಡೆದು ಒಳಗೆ ಹೋಗುತ್ತದೆ, ಅದನ್ನು ಮತ್ತೆ ಕೊಬ್ಬಾಗಿ ಜೋಡಿಸುವುದು ಅಲ್ಲಿನ ನುಣುಪು ಇಆರ್.

ಪ್ರಶ್ನೆ (ಅದೇ ವಿದ್ಯಾರ್ಥಿನಿ): ಮೈಕ್ರೋಸ್ಕೋಪ್‌ನಲ್ಲಿ ಕಾಣಿಸುತ್ತದಾ?

ಉತ್ತರ: ಕಾಲೇಜಿನ ಮೈಕ್ರೋಸ್ಕೋಪ್‌ನಲ್ಲಿ ಇಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಒರಟು ಇಆರ್ ಒಂದರ ಮೇಲೊಂದು ಪೇರಿಸಿದ ಹಾಳೆಗಳಂತೆ ಕಾಣುತ್ತದೆ, ಅಂಚಿನುದ್ದಕ್ಕೂ ರೈಬೋಸೋಮ್‌ಗಳ ಕಪ್ಪು ಚುಕ್ಕೆಗಳು. ನುಣುಪಿನದ್ದು ಕವಲೊಡೆದ ಕೊಳವೆ. ಅಡ್ಡಕ್ಕೆ ಕೊಯ್ದಾಗ ಸಣ್ಣ ಸಣ್ಣ ಉಂಗುರಗಳಾಗಿ ಸಿಗುತ್ತದೆ, ಚುಕ್ಕೆ ಇರುವುದಿಲ್ಲ. ಲಿವರ್‌ನಲ್ಲಾದರೆ ಆ ಉಂಗುರಗಳ ನಡುವೆ ಗ್ಲೈಕೋಜನ್ನಿನ (ಕೂಡಿಟ್ಟ ಸಕ್ಕರೆಯ) ಕಪ್ಪು ಗೊಂಚಲುಗಳೂ ಇರುತ್ತವೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಮ್ಮ ಮನೆಯಲ್ಲೊಬ್ಬರು ಫಿಟ್ಸ್‌ಗೆ ಫಿನೋಬಾರ್ಬಿಟೋನ್ ತೆಗೆದುಕೊಳ್ಳುತ್ತಾರೆ. ಅದರಿಂದ ಲಿವರ್‌ನಲ್ಲಿ ನುಣುಪು ಇಆರ್ ಬೆಳೆಯುತ್ತದೆ ಅಂತ ಓದಿದೆ. ಲಿವರ್ ಕೆಟ್ಟಿದೆ ಅಂತಾನಾ?

ಉತ್ತರ: ಬೆಳೆಯುವುದು ನಿಜ, ಆದರೆ ಅದೊಂದರಿಂದಲೇ ಕೆಟ್ಟಿದೆ ಅನ್ನಲಾಗದು. ಔಷಧ ಒಡೆಯುವ ಸೈಟೋಕ್ರೋಮ್ ಪಿ450 ಕಿಣ್ವಗಳು ಕೂತಿರುವುದು ಹೆಚ್ಚಾಗಿ ನುಣುಪು ಇಆರ್‌ನ ಪೊರೆಯಲ್ಲೇ. ದಿನಾ ಆ ಮಾತ್ರೆ ಬಂದರೆ ಲಿವರ್ ಕೋಶ ಪೊರೆಯನ್ನೂ ಕಿಣ್ವವನ್ನೂ ಹೆಚ್ಚಿಸಿಕೊಳ್ಳುತ್ತದೆ. ಮಾತ್ರೆ ನಿಂತರೆ ಹೆಚ್ಚುವರಿ ಪೊರೆಯನ್ನು ಕೋಶವೇ ಅರಗಿಸಿಕೊಳ್ಳುತ್ತದೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಫಿಟ್ಸ್ ಜೋರಾಗಿ ಮರುಕಳಿಸಬಹುದು.

ತೊಂದರೆ ಇರುವುದು ಬೇರೆ ಕಡೆ. ಹೆಚ್ಚಾದ ಕಿಣ್ವ ಬೇರೆ ಮಾತ್ರೆಗಳನ್ನೂ ಬೇಗ ಒಡೆದುಹಾಕುತ್ತದೆ. ಗರ್ಭನಿರೋಧಕ ಮಾತ್ರೆ ಕೈಕೊಡಬಹುದು, ರಕ್ತ ತೆಳುವಾಗಿಸುವ ವಾರ್ಫರಿನ್ ಸಾಲದೆ ಹೋಗಬಹುದು. ಟಿಬಿಯ ರಿಫಾಂಪಿಸಿನ್ ಕೂಡ ಈ ಕಿಣ್ವಗಳನ್ನು ಹೆಚ್ಚಿಸುತ್ತದೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಮಾತ್ರೆಗಳ ಪೂರ್ತಿ ಪಟ್ಟಿ ತೋರಿಸಿ.

ಪ್ರಶ್ನೆ (ವಿದ್ಯಾರ್ಥಿನಿ): ಕೆಂಪು ರಕ್ತಕಣದಲ್ಲಿ?

ಉತ್ತರ: ಬಲಿತ ಕಣದಲ್ಲಿ ನುಣುಪೂ ಇಲ್ಲ, ಒರಟೂ ಇಲ್ಲ. ನ್ಯೂಕ್ಲಿಯಸ್ಸೇ ಇಲ್ಲವಲ್ಲ!