ತೇಮ್ಸ್‌ನಲ್ಲಿ ಹುಟ್ಟು ಹಾಕಿದರೆ ಅಪರೂಪದ ಕಾಯಿಲೆಗೆ ಮದ್ದು ಸಿಗುತ್ತದೆಯೇ?

ತೇಮ್ಸ್_ದಂಡೆ

ನಾನು ಇಂಗ್ಲೆಂಡಿನ ರೀಡಿಂಗ್‌ನಲ್ಲಿ ಕೆಲವು ವರ್ಷಗಳಿಂದ ನೆಲೆಸಿದ್ದೇನೆ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಬರುವ ಈಸ್ಟರ್ ರಜೆಯಲ್ಲಿ ಡಿವೈಜಸ್ ಎಂಬ ಊರಿನಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೆ ನಡೆಯುವ ದೋಣಿ ಸ್ಪರ್ಧೆಗೆ ಇಬ್ಬರು ಕೂರುವ ಕಯಾಕ್‌ನಲ್ಲಿ ಇಳಿಯಲಿದ್ದಾರೆ. ದೂರ 125 ಮೈಲಿ, ಅಂದರೆ ಸುಮಾರು 201 ಕಿ.ಮೀ. ರೀಡಿಂಗ್‌ವರೆಗೆ ಕೆನೆಟ್ ಮತ್ತು ಏವನ್ ಕಾಲುವೆ, ಅಲ್ಲಿಂದ ಮುಂದೆ ತೇಮ್ಸ್ ನದಿ. ದಾರಿಯುದ್ದಕ್ಕೂ ನೀರಿನ ಮಟ್ಟ ಏರಿಸಿ ಇಳಿಸುವ ಬಾಗಿಲುಗಳಾದ ಲಾಕ್‌ಗಳು ಅಡ್ಡ ಬರುವುದರಿಂದ 77 ಕಡೆ ದೋಣಿಯನ್ನು ನೀರಿನಿಂದ ಎತ್ತಿ, ಹೆಗಲ ಮೇಲೆ ಹೊತ್ತು ದಂಡೆಯ ಮೇಲೆ ಓಡಿ, ಮತ್ತೆ ನೀರಿಗೆ ಇಳಿಸಬೇಕು. ವಯಸ್ಕರ ಜೋಡಿ ವಿಭಾಗದಲ್ಲಿ ಇದೆಲ್ಲವನ್ನೂ ರಾತ್ರಿ ಹಗಲೆನ್ನದೆ ಒಂದೇ ಉಸಿರಿಗೆ ಮುಗಿಸಬೇಕು.

ಅವರ ತಂಗಿಗೆ ಆಲ್ಕ್ಯಾಪ್ಟೊನ್ಯೂರಿಯಾ ಎಂಬ, ಮೂಳೆ ಕೀಲುಗಳನ್ನು ಹಾಳುಮಾಡುವ ಅಪರೂಪದ ವಂಶವಾಹಿ ಕಾಯಿಲೆಯಿದೆ. ಅದರ ಸಂಶೋಧನೆಗೆ ಹಣ ಸಂಗ್ರಹಿಸುವುದು ಅವರ ಉದ್ದೇಶ. ನನ್ನಿಂದ ಎರಡು ಸಹಾಯ ಕೇಳಿದ್ದಾರೆ. ನಡುರಾತ್ರಿ ರೀಡಿಂಗ್ ದಂಡೆಯಲ್ಲಿ ನಿಂತು ಊಟ ಕೊಡುವುದು ಒಂದು, 100 ಪೌಂಡ್ ದೇಣಿಗೆ ಇನ್ನೊಂದು. ಮೊದಲನೆಯದಕ್ಕೆ ತಕ್ಷಣ ಒಪ್ಪಿಕೊಂಡೆ, ಮೊಸರನ್ನ ಕೊಡುತ್ತೇನೆಂದೂ ಹೇಳಿದ್ದೇನೆ. ಎರಡನೆಯದರ ಬಗ್ಗೆ ಮನೆಯಲ್ಲಿ ಚರ್ಚೆ ಎದ್ದಿದೆ. ‘ಅಣ್ಣ ದೋಣಿಯಲ್ಲಿ ದಣಿದರೆ ತಂಗಿಯ ಮೂಳೆ ಹೇಗೆ ಗುಣವಾಗುತ್ತದೆ?’ ಎಂದು ನನ್ನ ಹೆಂಡತಿ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಬಲ್ಲವರು ಹೇಳಬೇಕು.

ಲೆಕ್ಕಿಗ

ನಿಮ್ಮ ಮನೆಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಸಂಶೋಧನೆಗೆ ಹಣ ಕೊಡಬೇಕೆಂದಿದ್ದರೆ ನೇರವಾಗಿ ಕೊಡಬಹುದು. ಅದಕ್ಕೆ ಮತ್ತೊಬ್ಬರು ಅಂಗೈಯಲ್ಲಿ ಬೊಬ್ಬೆ ಬರಿಸಿಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಪ್ರವೇಶ ಶುಲ್ಕ, ದೋಣಿ, ತರಬೇತಿ, ಹಿಂದೆ ಮುಂದೆ ಓಡಾಡುವ ಕಾರಿನ ಇಂಧನ, ಇವೆಲ್ಲ ಯಾರ ಜೇಬಿನಿಂದ ಹೋಗುತ್ತವೆ ಎಂದು ಮೊದಲು ವಿಚಾರಿಸಿ. ದಾನಿಗಳ ಹಣದಿಂದಲೇ ಹೋಗುವುದಾದರೆ ನೀವು ಕೊಡುತ್ತಿರುವುದು ಕಾಯಿಲೆಗಲ್ಲ, ಒಬ್ಬರ ಹವ್ಯಾಸಕ್ಕೆ.

ಇನ್ನೊಂದು ಮಾತು. 2014ರಲ್ಲಿ ಎಎಲ್‌ಎಸ್ ಎಂಬ ನರಗಳ ಕಾಯಿಲೆಗೆ ಹಣ ಸಂಗ್ರಹಿಸಲು ಜಗತ್ತೇ ತಲೆಯ ಮೇಲೆ ಮಂಜುಗಡ್ಡೆಯ ನೀರು ಸುರಿದುಕೊಂಡಾಗ ಅಮೆರಿಕದ ಎಎಲ್‌ಎಸ್ ಸಂಸ್ಥೆಯೊಂದಕ್ಕೇ ಸುಮಾರು 11.5 ಕೋಟಿ ಡಾಲರ್ ಹರಿದುಬಂತು. ಅದರಲ್ಲಿ ಸ್ವಲ್ಪ ಭಾಗದ ನೆರವು ಪಡೆದ ಔಷಧವೊಂದಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಮುಂದಿನ ದೊಡ್ಡ ಪ್ರಯೋಗದಲ್ಲಿ ಅದು ಸೋತಿತು, 2024ರಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಅಷ್ಟು ದೊಡ್ಡ ಮೊತ್ತದ ಕಥೆಯೇ ಹೀಗಿರುವಾಗ ಒಂದು ಕಯಾಕ್‌ನ ಹಣದಿಂದ ಏನಾಗಬೇಕು?

ಹರಿಗೋಲು

ಲೆಕ್ಕಿಗರೇ, ಹಣಕ್ಕೂ ಈ ನದಿ ದಾರಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಈ ಸ್ಪರ್ಧೆ ಹುಟ್ಟಿದ್ದೇ ಒಂದು ಪಂಥದಿಂದ. 1948ರ ಈಸ್ಟರ್‌ನಲ್ಲಿ ಡಿವೈಜಸ್‌ನ ನಾಲ್ವರು ಸ್ಕೌಟ್ ಯುವಕರು ತಮ್ಮ ಊಟ, ಡೇರೆ ಎಲ್ಲವನ್ನೂ ದೋಣಿಯಲ್ಲೇ ಹೊತ್ತುಕೊಂಡು ನೂರು ಗಂಟೆಯೊಳಗೆ ವೆಸ್ಟ್‌ಮಿನ್‌ಸ್ಟರ್ ತಲುಪಿದರೆ ಸ್ಕೌಟ್ ನಿಧಿಗೆ ಸುಮಾರು 20 ಪೌಂಡ್ ಕೊಡುವುದಾಗಿ ಊರಿನವರು ಮಾತು ಕೊಟ್ಟಿದ್ದರು. ಹುಡುಗರು 89 ಗಂಟೆ 50 ನಿಮಿಷಗಳಲ್ಲಿ ತಲುಪಿದರು. ಆಗ ಆ ಕಾಲುವೆ ಹೂಳು, ಜೊಂಡು ತುಂಬಿ ಪಾಳು ಬೀಳುತ್ತಿತ್ತು. ಅದು ಪೂರ್ತಿ ದುರಸ್ತಿಯಾಗಿ ರಾಣಿ ಎಲಿಜಬೆತ್‌ರಿಂದ ಮತ್ತೆ ಉದ್ಘಾಟನೆಗೊಂಡದ್ದು 1990ರಲ್ಲಿ. ನಡುವಿನ ಅಷ್ಟೂ ವರ್ಷ ಆ ನೀರಿನ ದಾರಿ ಜನರ ನೆನಪಿನಿಂದ ಮಾಸದಂತೆ ನೋಡಿಕೊಂಡವರಲ್ಲಿ ಈ ದೋಣಿಗರೂ ಇದ್ದಾರೆ ಎಂದು ನಾನು ನಂಬುತ್ತೇನೆ.

ಆದರೆ ನನ್ನ ಆತಂಕ ಬೇರೆ. ಮಳೆ ಹೆಚ್ಚಾದ ವಸಂತದಲ್ಲಿ ತೇಮ್ಸ್ ಸಾಧುವಾದ ನದಿಯಲ್ಲ. ನೀರಿನ ರಭಸ ಮಿತಿ ಮೀರಿದ ವರ್ಷಗಳಲ್ಲಿ ಆಯೋಜಕರು ನದಿಯ ಭಾಗವನ್ನೇ ಕೈಬಿಟ್ಟದ್ದುಂಟು. ‘ಇಷ್ಟು ಜನ ದುಡ್ಡು ಕೊಟ್ಟಿದ್ದಾರೆ, ಈಗ ಹೇಗೆ ಬಿಡಲಿ?’ ಎಂಬ ಭಾರವನ್ನು ಹೊತ್ತ ದೋಣಿಗ ದಂಡೆಗೆ ಬರಬೇಕಾದ ಹೊತ್ತಿನಲ್ಲೂ ಮುಂದಕ್ಕೇ ಹೋಗುತ್ತಾನೆ. ಆದ್ದರಿಂದ ದೇಣಿಗೆ ಕೊಡುವವರು ಸ್ಪರ್ಧೆ ಮುಗಿಸಿದರೂ ಮುಗಿಸದಿದ್ದರೂ ಕೊಡುತ್ತೇವೆಂದು ಮೊದಲೇ ಸ್ಪಷ್ಟವಾಗಿ ಹೇಳಬೇಕು.

ಮಲೆನಾಡ_ವೈದ್ಯ

ಚರ್ಚೆ ದೋಣಿಯ ಸುತ್ತಲೇ ಸುತ್ತುತ್ತಿರುವುದರಿಂದ ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ನಮ್ಮ ಆಹಾರದ ಪ್ರೋಟೀನ್‌ನಲ್ಲಿರುವ ಟೈರೋಸಿನ್ ಎಂಬ ಅಂಶವನ್ನು ದೇಹ ಹಂತಹಂತವಾಗಿ ಒಡೆಯುತ್ತದೆ. ಆಲ್ಕ್ಯಾಪ್ಟೊನ್ಯೂರಿಯಾದಲ್ಲಿ ಆ ಸರಪಳಿಯ ಒಂದು ಕಿಣ್ವ ಕೆಲಸ ಮಾಡುವುದಿಲ್ಲವಾದ್ದರಿಂದ ಹೋಮೋಜೆಂಟಿಸಿಕ್ ಆಮ್ಲ ಶೇಖರವಾಗುತ್ತದೆ. ಮಗುವಿನ ಬಟ್ಟೆಯ ಮೇಲಿನ ಮೂತ್ರ ಗಾಳಿಗೆ ಕಪ್ಪಾಗುವುದು ಮೊದಲ ಸೂಚನೆ. ಅನಂತರ ಹಲವು ವರ್ಷ ಏನೂ ತೊಂದರೆ ಕಾಣದೆ, ಮೂವತ್ತರ ಆಸುಪಾಸಿನಲ್ಲಿ ಬೆನ್ನು, ಸೊಂಟ, ಮಂಡಿ ನೋಯತೊಡಗುತ್ತವೆ. ಶಸ್ತ್ರಚಿಕಿತ್ಸೆಗೆ ತೆರೆದರೆ ಕೀಲಿನ ಮೃದ್ವಸ್ಥಿ ಇದ್ದಿಲಿನಂತೆ ಕಪ್ಪಾಗಿರುತ್ತದೆ. ಬಹುತೇಕ ಕಡೆ ಎರಡೂವರೆ ಲಕ್ಷ ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಜನರಿಗೆ ಇದು ಬರುತ್ತದೆ. ಸ್ಲೊವಾಕಿಯಾದಲ್ಲಿ ಮಾತ್ರ ಸುಮಾರು 19,000ಕ್ಕೆ ಒಬ್ಬರು. ತಮಿಳುನಾಡಿನ ನರಿಕುರವ ಸಮುದಾಯದಲ್ಲಿಯೂ ಇದು ಹೆಚ್ಚಾಗಿ ಕಂಡುಬಂದಿರುವುದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಲಂಡನ್ನಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಇದರ ಕುರಿತು ಬರೆದ ಲೇಖನದಿಂದಲೇ ಹುಟ್ಟಿನಿಂದ ಬರುವ ಚಯಾಪಚಯ ದೋಷಗಳ ಅಧ್ಯಯನ ಆರಂಭವಾಯಿತು. ವೈದ್ಯ ವಿದ್ಯಾರ್ಥಿಗಳೆಲ್ಲ ಇದನ್ನು ಓದುತ್ತಾರೆ, ಆದರೆ ನೂರು ವರ್ಷ ಇದಕ್ಕೆ ಮದ್ದಿರಲಿಲ್ಲ.

ಮದ್ದಿನ ಕಥೆಗೆ ನಮ್ಮ ಬೆಂಗಳೂರಿನ ಉದ್ಯಾನಗಳಲ್ಲಿ ಕಾಣುವ ಒಂದು ಮರ ಬರುತ್ತದೆ. 1977ರಲ್ಲಿ ಕ್ಯಾಲಿಫೋರ್ನಿಯಾದ ಜೀವವಿಜ್ಞಾನಿಯೊಬ್ಬರು ಬಾಟಲ್ ಬ್ರಷ್ ಗಿಡದ ಅಡಿಯಲ್ಲಿ ಕಳೆ ಹೆಚ್ಚು ಬೆಳೆಯುವುದಿಲ್ಲವೆಂದು ಗಮನಿಸಿದರು. ಆ ಗಿಡದ ರಾಸಾಯನಿಕದ ಜಾಡು ಹಿಡಿದು ಕಳೆನಾಶಕಗಳನ್ನು ರೂಪಿಸುವಾಗ ಸಿಕ್ಕಿದ್ದೇ ನಿಟಿಸಿನೋನ್. ಅದು ಟೈರೋಸಿನ್ ಸರಪಳಿಯನ್ನು ಒಂದು ಹಂತ ಮೊದಲೇ ತಡೆಯುತ್ತದೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನ ವೈದ್ಯರು ಅದನ್ನು ಟೈರೋಸಿನೀಮಿಯಾ ಎಂಬ ಮತ್ತೊಂದು ಅಪರೂಪದ ಕಾಯಿಲೆಯ ಮಕ್ಕಳಿಗೆ ಕೊಟ್ಟು ಜೀವ ಉಳಿಸಿದರು. ಹೀಗೆ ಆಲ್ಕ್ಯಾಪ್ಟೊನ್ಯೂರಿಯಾಕ್ಕೆ ಬೇಕಾದ ಮಾತ್ರೆ ಬಹುಕಾಲದಿಂದ ಕೈಯಲ್ಲೇ ಇತ್ತು. ಅದು ಇಲ್ಲಿ ಕೆಲಸ ಮಾಡುತ್ತದೆಂದು ತೋರಿಸುವ ಪುರಾವೆ ಇರಲಿಲ್ಲ.

ಲೆಕ್ಕಿಗ

ಡಾಕ್ಟರೇ, ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಮಾತ್ರೆ ಕಳೆನಾಶಕದ ಉದ್ಯಮದಿಂದ ಬಂತು. ಅನಂತರದ ದೊಡ್ಡ ಪ್ರಯೋಗಕ್ಕೆ ಯುರೋಪಿಯನ್ ಒಕ್ಕೂಟ ಅನುದಾನ ಕೊಟ್ಟಿತೆಂದು ನಾನು ಓದಿದ್ದೇನೆ. ಹಾಗಿದ್ದರೆ ದೋಣಿಯಿಂದ, ಓಟದಿಂದ, ಕೇಕ್ ಮಾರಾಟದಿಂದ ಬಂದ ಚಿಲ್ಲರೆ ಹಣದ ಪಾತ್ರವೇನು?

ಮಲೆನಾಡ_ವೈದ್ಯ

ಚಿಲ್ಲರೆ ಹಣ ಎಲ್ಲಿ ಬೇಕಾಗುತ್ತದೆ ಎಂಬುದೇ ಈ ಚರ್ಚೆಯ ತಿರುಳು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 40 ರೋಗಿಗಳ ಮೇಲೆ ಮೂರು ವರ್ಷ ನಿಟಿಸಿನೋನ್ ಪ್ರಯೋಗ ನಡೆಸಿತು, 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಮ್ಲದ ಪ್ರಮಾಣ ಭಾರಿ ಇಳಿದಿತ್ತು, ಆದರೆ ಮುಖ್ಯ ಅಳತೆಯಾಗಿ ಆರಿಸಿಕೊಂಡಿದ್ದ ಸೊಂಟದ ಕೀಲಿನ ತಿರುಗುವಿಕೆಯಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಸೋತದ್ದು ಔಷಧವಲ್ಲ, ಅಳತೆಗೋಲು. ಇಷ್ಟು ನಿಧಾನವಾಗಿ ಬೆಳೆಯುವ ಕಾಯಿಲೆ ಒಬ್ಬೊಬ್ಬರಲ್ಲಿ ಯಾವ ವಯಸ್ಸಿನಲ್ಲಿ ಯಾವ ಅಂಗವನ್ನು ಹಿಡಿಯುತ್ತದೆಂದು ಬರೆದಿಟ್ಟ ದಾಖಲೆ ಸಾಲದಿದ್ದರೆ ಯಾವುದನ್ನು ಅಳೆಯಬೇಕೆಂಬುದು ಹೇಗೆ ಗೊತ್ತಾಗಬೇಕು?

ಆ ದಾಖಲೆಗೆ ಸುಲಭವಾಗಿ ಅನುದಾನ ಸಿಗುವುದಿಲ್ಲ, ಏಕೆಂದರೆ ಅದರಲ್ಲಿ ಹೊಸ ಆವಿಷ್ಕಾರದ ಮಿಂಚಿಲ್ಲ. ಕಂಪನಿಗಳೂ ಸಾಮಾನ್ಯವಾಗಿ ಕೊಡುವುದಿಲ್ಲ, ಏಕೆಂದರೆ ಮಾರುವ ಸರಕು ಇನ್ನೂ ಹುಟ್ಟಿರುವುದಿಲ್ಲ. ಬ್ರಿಟನ್ನಿನಲ್ಲಿ ಒಬ್ಬ ರೋಗಿ ಮತ್ತು ಲಿವರ್‌ಪೂಲ್‌ನ ಪ್ರೊಫೆಸರ್ ರಂಗನಾಥ್ ಸೇರಿ 2003ರಲ್ಲಿ ರೋಗಿಗಳ ಸಂಘವೊಂದನ್ನು ಕಟ್ಟಿದರು. ಆ ಸಂಘ ದೇಶದ ಕುಟುಂಬ ವೈದ್ಯರಿಗೆ ಪತ್ರ ಬರೆದು ರೋಗಿಗಳನ್ನು ಹುಡುಕಿತು. 2012ರಲ್ಲಿ ಲಿವರ್‌ಪೂಲ್‌ನಲ್ಲಿ ಈ ಕಾಯಿಲೆಗಾಗಿಯೇ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಅನಂತರವೇ ನೀವು ಹೇಳಿದ ಯುರೋಪಿಯನ್ ಅನುದಾನದ ದೊಡ್ಡ ಪ್ರಯೋಗ ನಡೆದದ್ದು. ಲಿವರ್‌ಪೂಲ್, ಪ್ಯಾರಿಸ್ ಮತ್ತು ಸ್ಲೊವಾಕಿಯಾದ ಪಿಯೆಷ್ಟ್ಯಾನಿ ಎಂಬ ಮೂರು ಊರುಗಳಲ್ಲಿ 138 ರೋಗಿಗಳು ನಾಲ್ಕು ವರ್ಷ ಅದರಲ್ಲಿದ್ದರು. ಮೂತ್ರದಲ್ಲಿನ ಆಮ್ಲ ಶೇ. 99ಕ್ಕಿಂತ ಹೆಚ್ಚು ಇಳಿಯಿತು, ಕಾಯಿಲೆಯ ಒಟ್ಟಾರೆ ಬೆಳವಣಿಗೆಯೂ ನಿಧಾನವಾಯಿತು, 2020ರಲ್ಲಿ ಯುರೋಪ್ ವಯಸ್ಕರಿಗೆ ಈ ಔಷಧವನ್ನು ಒಪ್ಪಿತು. ಎರಡೂವರೆ ಲಕ್ಷಕ್ಕೊಬ್ಬರಂತೆ ಚದುರಿದವರಲ್ಲಿ 138 ಜನರನ್ನು ಒಂದುಗೂಡಿಸುವುದೆಂದರೆ ಏನೆಂದು ಯೋಚಿಸಿ. ಅಂಚೆಚೀಟಿ, ರೈಲು ಟಿಕೆಟ್, ಒಬ್ಬ ಗುಮಾಸ್ತರ ಸಂಬಳ ಎಂಬಂಥ ಖರ್ಚುಗಳಿಗೇ ಚಿಲ್ಲರೆ ಹಣ ಬೇಕು, ದೊಡ್ಡ ಹಣ ಅದರ ಹಿಂದೆ ಬರುತ್ತದೆ.

ಕೆಲಸ ಮುಗಿದಿಲ್ಲವೆಂಬುದನ್ನೂ ಹೇಳಬೇಕು. ಈ ಔಷಧದಿಂದ ರಕ್ತದಲ್ಲಿ ಟೈರೋಸಿನ್ ಏರುತ್ತದೆ, ಕೆಲವರ ಕಣ್ಣಿನ ಪಾರದರ್ಶಕ ಪಟಲಕ್ಕೆ ತೊಂದರೆಯಾಗುತ್ತದೆ, ಪ್ರೋಟೀನ್ ಕಡಿಮೆ ಇರುವ ಪಥ್ಯ ಪಾಲಿಸಬೇಕು. ಯಾವ ವಯಸ್ಸಿನಿಂದ ಕೊಡಬೇಕೆಂಬ ಪ್ರಶ್ನೆಯೂ ಇದೆ.

ಮೈಸೂರಿನ_ತಾಯಿ

ನನ್ನ ಮಗನಿಗಿರುವುದು ಬೇರೆ ಅಪರೂಪದ ಕಾಯಿಲೆ, ಹೆಸರು ಇಲ್ಲಿ ಬೇಡ. ಅದಕ್ಕೆ ಔಷಧವಿದೆ, ಆದರೆ ಜೀವನಪರ್ಯಂತ ಬೇಕು, ಮಗುವಿನ ತೂಕ ಏರಿದಂತೆ ಔಷಧದ ಪ್ರಮಾಣವೂ ಖರ್ಚೂ ಏರುತ್ತವೆ. ನಮ್ಮ ದೇಶದ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಕೇಂದ್ರಗಳ ಮೂಲಕ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. ಆ ಮೊತ್ತ ಮುಗಿದ ಮರುದಿನದ ಚಿಂತೆ ನಮ್ಮಂಥವರ ಮನೆಗಳಲ್ಲಿ ಪ್ರತಿ ರಾತ್ರಿಯೂ ನಡೆಯುತ್ತದೆ. ಆದ್ದರಿಂದ ‘ಸಂಶೋಧನೆಗೆ’ ಎಂಬ ಮಾತು ಕೇಳಿದಾಗ ನನಗೆ ಗೌರವವೂ ಬರುತ್ತದೆ, ಸ್ವಲ್ಪ ಸಿಟ್ಟೂ ಬರುತ್ತದೆ. ಕಂಡುಹಿಡಿದ ಮದ್ದು ಕೈಗೆಟುಕದಿದ್ದರೆ ಅದು ನಮ್ಮ ಪಾಲಿಗೆ ಪುಸ್ತಕದ ಬದನೆಕಾಯಿ.

ಆದರೂ ನಾನು ದೋಣಿಯ ಪರವಾಗಿದ್ದೇನೆ. ಬೆಂಗಳೂರಿನಲ್ಲಿ ಪ್ರತಿ ವರ್ಷ ಅಪರೂಪದ ಕಾಯಿಲೆಗಳ ಸಲುವಾಗಿ ‘ರೇಸ್ ಫಾರ್ ಸೆವೆನ್’ ಎಂಬ 7 ಕಿ.ಮೀ. ಓಟ ನಡೆಯುತ್ತದೆ. ಸುಮಾರು 7,000 ಬಗೆಯ ಅಪರೂಪದ ಕಾಯಿಲೆಗಳಿವೆ ಎಂಬುದನ್ನು ಆ ಏಳು ಸೂಚಿಸುತ್ತದೆ. ಒಮ್ಮೆ ನಾನೂ ಅದರಲ್ಲಿ ನಡೆದೆ. ಹಣ ಎಷ್ಟು ಬಂತೋ ನಾನು ವಿಚಾರಿಸಲಿಲ್ಲ. ನಾಲ್ಕನೆಯ ಕಿಲೋಮೀಟರಿನಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸೊಬ್ಬರು ತಮ್ಮ ಮಗಳ ಕಾಯಿಲೆಯ ಹೆಸರು ಹೇಳಿದರು, ಅದು ನನ್ನ ಮಗನ ಕಾಯಿಲೆಯೇ ಆಗಿತ್ತು. ಅಲ್ಲಿಯವರೆಗೆ ಆ ಹೆಸರನ್ನು ನಾನು ವೈದ್ಯರಲ್ಲದವರ ಬಾಯಿಂದ ಕೇಳಿರಲಿಲ್ಲ.

ತೇಮ್ಸ್_ದಂಡೆಯವರಲ್ಲಿ ಒಂದು ವಿನಂತಿ. ಆ ದೇಣಿಗೆಯ ಪುಟದಲ್ಲಿ ತಂಗಿಯ ಫೋಟೊ ಹಾಕಿದ್ದರೆ, ಆಕೆಯನ್ನು ಕೇಳಿ ಹಾಕಿದ್ದಾರೆಯೇ ಎಂದು ವಿಚಾರಿಸಿ. ನಮ್ಮ ಮಕ್ಕಳ ಮುಖ ತೋರಿಸಿದಷ್ಟೂ ಹಣ ಹೆಚ್ಚು ಬರುತ್ತದೆಂದು ಹೇಳಿಕೊಡುವವರು ಬಹಳ ಜನರಿದ್ದಾರೆ.

ಲೆಕ್ಕಿಗ

ತಾಯಿಯವರ ಮಾತಿಗೆ ಎದುರಾಡುವ ಮನಸ್ಸು ನನಗಿಲ್ಲ. ಡಾಕ್ಟರ ವಿವರಣೆಯಿಂದ ನನ್ನ ನಿಲುವು ಅರ್ಧ ಬದಲಾಗಿದೆ ಎಂದೂ ಒಪ್ಪಿಕೊಳ್ಳುತ್ತೇನೆ. ಉಳಿದ ಅರ್ಧ ಹಾಗೆಯೇ ಇದೆ. ರೋಗಿಗಳ ಪಟ್ಟಿ ಮಾಡುವುದು ಇಷ್ಟು ಮುಖ್ಯವಾದ ಕೆಲಸವಾಗಿದ್ದರೆ, ಅದನ್ನು ಸರ್ಕಾರದ ಆರೋಗ್ಯ ವ್ಯವಸ್ಥೆ ಮಾಡಬೇಕೇ ಹೊರತು ಒಬ್ಬ ಅಣ್ಣನ ತೋಳಿನ ಬಲದ ಮೇಲೆ ಅದು ನಿಲ್ಲಬಾರದು. ಅಣ್ಣನಿಗೆ ಗೆಳೆಯರಿಲ್ಲದಿದ್ದರೆ, ಅಥವಾ ಕಾಯಿಲೆಗೆ ಇಂಥ ಅಣ್ಣನೇ ಇಲ್ಲದಿದ್ದರೆ ಏನು ಗತಿ? ನರಿಕುರವರ ಪರವಾಗಿ ಯಾವ ನದಿಯಲ್ಲಿ ಯಾರು ದೋಣಿ ನಡೆಸುತ್ತಾರೆ?

ಮಲೆನಾಡ_ವೈದ್ಯ

ಆ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನೀವು ಹೇಳಿದ್ದು ನಿಜ.

ತೇಮ್ಸ್_ದಂಡೆ

ಎಲ್ಲರಿಗೂ ವಂದನೆಗಳು. ನೀವು ಕೇಳಿದ್ದನ್ನೆಲ್ಲ ಸಹೋದ್ಯೋಗಿಯ ಮುಂದಿಟ್ಟೆ. ಪ್ರವೇಶ ಶುಲ್ಕ, ಪ್ರಯಾಣ ಎರಡೂ ಅವರ ಸ್ವಂತ ಖರ್ಚು, ದೋಣಿ ಕ್ಲಬ್ಬಿನದು. ಹಣ ಎಲ್ಲಿಗೆ ಹೋಗುತ್ತದೆಂದು ಕೇಳಿದಾಗ ಅವರು ಸ್ವಲ್ಪ ತಡವರಿಸಿದರು, ಆಮೇಲೆ ವಿಚಾರಿಸಿಕೊಂಡು ಬಂದು, ದೂರದ ರೋಗಿಗಳು ತಪಾಸಣೆಗೆ ಬರುವ ಪ್ರಯಾಣ ವೆಚ್ಚಕ್ಕೂ ದಾಖಲೆಗಳ ನಿರ್ವಹಣೆಗೂ ಬಳಸುತ್ತಾರೆಂದು ತಿಳಿಸಿದರು. ಅವರ ಪುಟದಲ್ಲಿ 77 ಲಾಕ್‌ಗಳ ಬಗ್ಗೆ ಮೂರು ಪ್ಯಾರಾ, ಕಾಯಿಲೆಯ ಬಗ್ಗೆ ಒಂದೇ ಸಾಲು ಇತ್ತು. ಈಗ ಅದನ್ನು ತಿರುವುಮುರುವು ಮಾಡಿದ್ದಾರೆ. ತಂಗಿಯ ಫೋಟೊ ತೆಗೆದಿದ್ದಾರೆ. ಆಕೆಯನ್ನು ಕೇಳಿರಲಿಲ್ಲವಂತೆ. ನಾನು 100 ಪೌಂಡ್ ಕೊಟ್ಟೆ. ಇಲ್ಲಿ ತೆರಿಗೆ ಕಟ್ಟುವವನಾದ್ದರಿಂದ ಪ್ರತಿ ಪೌಂಡಿಗೆ 25 ಪೆನ್ಸಿನಂತೆ ಸರ್ಕಾರ ಅದಕ್ಕೆ ಇನ್ನೂ 25 ಪೌಂಡ್ ಸೇರಿಸುತ್ತದೆ. ಲೆಕ್ಕಿಗರ ಸಮಾಧಾನಕ್ಕೆ, ಅಷ್ಟರಮಟ್ಟಿಗಾದರೂ ಸರ್ಕಾರದ ಕೈ ಇದರಲ್ಲಿದೆ. ಸ್ಪರ್ಧೆ ಮುಗಿಸದಿದ್ದರೂ ಹಣ ವಾಪಸು ಕೇಳುವುದಿಲ್ಲವೆಂದು ಬರೆದೂ ಕೊಟ್ಟಿದ್ದೇನೆ.

ಹರಿಗೋಲು

ಸಂತೋಷ. ದಂಡೆಯಲ್ಲಿ ನಿಲ್ಲುವವರಿಗೆ ಒಂದು ಸೂಚನೆ. ಟೆಡ್ಡಿಂಗ್ಟನ್‌ನಿಂದ ಕೆಳಗೆ ಸುಮಾರು 17 ಮೈಲಿ ಸಮುದ್ರದ ಉಬ್ಬರವಿಳಿತಕ್ಕೆ ಒಳಪಟ್ಟ ನೀರು. ಇಳಿತ ಆರಂಭವಾಗುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ತಲುಪಿದವರನ್ನು ನದಿಯೇ ವೆಸ್ಟ್‌ಮಿನ್‌ಸ್ಟರ್‌ಗೆ ಒಯ್ಯುತ್ತದೆ, ತಡವಾದವರು ಉಬ್ಬರಕ್ಕೆ ಎದುರು ಹುಟ್ಟು ಹಾಕಲಾರದೆ ಅಲ್ಲೇ ಉಳಿಯುತ್ತಾರೆ. ಆದ್ದರಿಂದ ರೀಡಿಂಗ್‌ನಲ್ಲಿ ಅವರನ್ನು ಕೂರಿಸಿ ಊಟ ಹಾಕಬೇಡಿ. ಮೊಸರನ್ನವನ್ನು ತೆಳ್ಳಗೆ ಕಲಸಿ, ಎರಡು ಚಮಚ ಸಿದ್ಧವಿಟ್ಟುಕೊಂಡು, ದೋಣಿ ಹೊತ್ತು ಓಡುವವರ ಪಕ್ಕದಲ್ಲಿ ನೀವೂ ಓಡುತ್ತ ತಿನ್ನಿಸಿ.